ಓವರ್‌ಕ್ಲಾಕ್ ಮಾಡಿದ್ದೇ ತಡ, ಬೋರ್ಡು ನಿಧಾನ ಆಯ್ತು!

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರಾಸ್‌ಬೆರಿ ಪೈ ಬಗ್ಗೆ. ಪರೀಕ್ಷೆ ಮುಗಿದು ರಜೆ ಬಂತಲ್ಲ, ಹುಡುಗರ ಕೈ ಸುಮ್ನಿರಲ್ಲ. ಹೊಸಬರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಪೈ ಅಂದರೆ ಎಟಿಎಂ ಕಾರ್ಡಿನ ಅಳತೆಯ ಒಂದೇ ಬೋರ್ಡಿನಲ್ಲಿ ಮುಗಿದುಹೋಗುವ ಕಂಪ್ಯೂಟರ್. ತಯಾರಿಸಿದವರು ಇಟ್ಟ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಅದರ ಪ್ರೊಸೆಸರ್ ಓಡಿಸುವುದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ನಾನು ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ 28 ವರ್ಷ ಟೀವಿ, ರೇಡಿಯೊ, ಕಂಪ್ಯೂಟರ್ ರಿಪೇರಿ ಮಾಡಿದವನು. ಹಾಗಾಗಿ ವೇಗದ ಮಾತು ಬಂದರೂ ನನ್ನ ಕಣ್ಣು ಮೊದಲು ಹೋಗುವುದು ವೈರಿನ ಮೇಲೆ. ಯಾಕೆ ಅಂತ ಮೊದಲ ಪತ್ರದಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನಮಸ್ಕಾರ ಸರ್. ನಾನು ಡಿಪ್ಲೊಮಾ ಎರಡನೇ ವರ್ಷದ ವಿದ್ಯಾರ್ಥಿ. ಹಳೇ ವಿಡಿಯೊ ಗೇಮ್ ಆಡಲು ಪೈ 4 ತಗೊಂಡೆ. ವಿಡಿಯೊ ನೋಡಿ ವೇಗವನ್ನು 2000 ಮೆಗಾಹರ್ಟ್ಸ್‌ಗೆ, ಓವರ್ ವೋಲ್ಟೇಜನ್ನು 6ಕ್ಕೆ ಇಟ್ಟೆ. ಮೊದಲಿಗಿಂತ ನಿಧಾನ ಆಗಿದೆ ಸರ್. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಬಂದು ಹೋಗುತ್ತದೆ. ಥ್ರಾಟಲ್ ಕಮಾಂಡ್ ಕೊಟ್ಟರೆ 0ಎಕ್ಸ್50005 ಅಂತ ತೋರಿಸುತ್ತದೆ. ಬೋರ್ಡು ಹೋಯ್ತಾ? ಅಪ್ಪನಿಗೆ ಇನ್ನೂ ಹೇಳಿಲ್ಲ. (ರಾಯಚೂರು)

ಉತ್ತರ: ಬೋರ್ಡು ಹೋಗಿಲ್ಲ ತಮ್ಮಾ, ಅಪ್ಪನಿಗೆ ಹೇಳುವಂಥದ್ದೂ ಏನಿಲ್ಲ. ನಿನ್ನ ಬೋರ್ಡಿಗೆ ಹೊಟ್ಟೆಗೆ ಸಾಲುತ್ತಿಲ್ಲ, ಅಷ್ಟೇ.

ಥ್ರಾಟಲ್ ಕಮಾಂಡ್ ಅಂದರೆ 'ವೇಗ ಇಳಿಸಿಕೊಂಡಿದ್ದೀಯಾ' ಅಂತ ಬೋರ್ಡನ್ನೇ ಕೇಳುವ ಕಮಾಂಡ್. ಅದು ಕೊಟ್ಟ 0ಎಕ್ಸ್50005ನ್ನು ಬಿಡಿಸಿ ನೋಡೋಣ. ಕೊನೆಯ 5 ಅಂದರೆ 1 ಮತ್ತು 4 ಸೇರಿದ್ದು. 1 ಅಂದರೆ ಈಗ ವೋಲ್ಟೇಜ್ ಕಡಿಮೆ ಇದೆ. 4 ಅಂದರೆ ಅದಕ್ಕೇ ಈಗ ವೇಗ ಇಳಿಸಿದ್ದೇನೆ. ಮೊದಲ 5 ಕೂಡ ಅದೇ ಮಾತು, ಆದರೆ 'ಆನ್ ಮಾಡಿದ ಮೇಲೆ ಯಾವಾಗಲೋ ಒಮ್ಮೆ ಹೀಗಾಗಿತ್ತು' ಅಂತ ನೆನಪಿಟ್ಟುಕೊಂಡದ್ದು. ಹಳದಿ ಮಿಂಚೂ ಇದನ್ನೇ ಹೇಳುತ್ತಿದೆ. ಬೋರ್ಡಿಗೆ ಬರುವ 5 ವೋಲ್ಟ್ ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಅದು ಕಾಣಿಸುತ್ತದೆ. ನೀನು 2000 ಅಂತ ಬರೆದೆ, ಬೋರ್ಡು ತಲೆ ಆಡಿಸಿತು, ಆಮೇಲೆ ತನಗೆ ಸಿಕ್ಕ ಕರೆಂಟಿಗೆ ತಕ್ಕ ಹಾಗೆ ಓಡಿತು. ಅನುಮಾನ ಇದ್ದರೆ ಗೇಮ್ ಓಡುವಾಗಲೇ 'ವಿಸಿಜೆನ್‌ಸಿಎಂಡಿ ಮೆಷರ್ ಕ್ಲಾಕ್ ಆರ್ಮ್' ಅಂತ ಕೊಟ್ಟು ನೋಡು. ಮೆಷರ್ ಮತ್ತು ಕ್ಲಾಕ್ ನಡುವೆ ಅಂಡರ್‌ಸ್ಕೋರ್ ಇರಲಿ. ನಿಜವಾದ ವೇಗ ಎಷ್ಟು ಅಂತ ಅಲ್ಲೇ ಬರುತ್ತದೆ.

ಈಗ ನಿನ್ನ ಕೇಬಲ್ ತೆಗೆದು ಕೈಯಲ್ಲಿ ಹಿಡಿ. ಮೊಬೈಲ್ ಚಾರ್ಜರ್ ಜೊತೆ ಬಂದದ್ದು, ಶಾವಿಗೆ ಥರ ತೆಳ್ಳಗೆ ಬಳುಕುತ್ತದೆ, ಅಲ್ವಾ? ಅಂಥ ಎಷ್ಟೋ ಕೇಬಲ್ಲಿನ ಒಳಗೆ 28 ಗೇಜಿನ ತಾಮ್ರ ಇರುತ್ತದೆ (ಗೇಜ್ ಸಂಖ್ಯೆ ಜಾಸ್ತಿ ಆದಷ್ಟೂ ವೈರು ತೆಳ್ಳಗೆ). ಒಂದು ಮೀಟರಿಗೆ ಸುಮಾರು 0.21 ಓಮ್. ಕರೆಂಟು ಹೋಗಬೇಕು, ತಿರುಗಿ ಬರಬೇಕು. ಹಾಗಾಗಿ ಒಂದು ಮೀಟರ್ ಕೇಬಲ್ಲಿಗೆ 0.42 ಓಮ್ ಹಿಡಿ. ಬೋರ್ಡು 1.2 ಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಕೇಬಲ್ಲಿನಲ್ಲೇ ಹೋಯ್ತು. ಚಾರ್ಜರ್ ಸರಿಯಾಗಿ 5 ವೋಲ್ಟ್ ಕೊಟ್ಟರೂ ಬೋರ್ಡಿಗೆ ಮುಟ್ಟುವುದು 4.5. ಅದೇ 20 ಗೇಜಿನ ದಪ್ಪ ವೈರಾದರೆ ಒಂದು ವೋಲ್ಟಿನ ಹತ್ತನೇ ಒಂದು ಭಾಗವೂ ಹೋಗಲ್ಲ. ಪೈ 4ರ ಅಸಲಿ ಅಡಾಪ್ಟರ್ 5 ಅಲ್ಲ, 5.1 ವೋಲ್ಟ್, 3 ಆಂಪಿಯರ್. ಕೇಬಲ್ಲು ಅದಕ್ಕೇ ಅಂಟಿಕೊಂಡೇ ಬರುತ್ತದೆ, ಬಿಚ್ಚಲು ಬರಲ್ಲ. ಆ 0.1 ವೋಲ್ಟು ದಾರಿಖರ್ಚಿಗೆ ಅಂತ ಕೊಟ್ಟ ಹಾಗೆ.

ಒಮ್ಮೆ ಧಾರವಾಡದಿಂದ ಒಬ್ಬ ಹುಡುಗ ಇದೇ ದೂರು ಹೊತ್ತು ಮನೆಗೆ ಬಂದಿದ್ದ. ಚಿಪ್ಪಿನ ಬಿಸಿ ಹೀರುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್ ಬದಲಿಸಿದ್ದ, ಫ್ಯಾನ್ ಹಾಕಿದ್ದ, ಮೆಮೊರಿ ಕಾರ್ಡ್ ಎರಡು ಸಲ ಫಾರ್ಮ್ಯಾಟ್ ಮಾಡಿದ್ದ. ಬೋರ್ಡಿನ ಪಿನ್‌ಗಳಿಗೆ ಮೀಟರ್ ಹಚ್ಚಿದೆ: 4.52. ಅವನ ಕೇಬಲ್ ತೆಗೆದು ನನ್ನ ಅಡಾಪ್ಟರ್ ಚುಚ್ಚಿದೆ: 5.06. ಮಿಂಚು ಮಾಯ. ಹುಡುಗನಿಗೆ ಖುಷಿಗಿಂತ ಬೇಜಾರೇ ಜಾಸ್ತಿ ಆಯ್ತು. ಫ್ಯಾನಿಗೆ ಸುಮ್ನೆ ದುಡ್ಡು ಹಾಕಿದೆನಲ್ಲಾ ಅಂತ.

ನೀನೂ ಮೀಟರ್ ಹಚ್ಚುವುದಾದರೆ 40 ಪಿನ್ನಿನ ಸಾಲಿನಲ್ಲಿ 2ನೇ ಪಿನ್ 5 ವೋಲ್ಟ್, 6ನೇ ಪಿನ್ ಗ್ರೌಂಡ್. ಆದರೆ ಹುಷಾರು. 2ರ ಪಕ್ಕದಲ್ಲೇ 1ನೇ ಪಿನ್ ಇದೆ, ಅದು 3.3 ವೋಲ್ಟ್. ಮೀಟರಿನ ಕಡ್ಡಿ ಜಾರಿ ಎರಡನ್ನೂ ಮುಟ್ಟಿತೋ, ಆಗ ಮಾತ್ರ ಅಪ್ಪನಿಗೆ ಹೇಳಬೇಕಾಗುತ್ತದೆ. ಕಡ್ಡಿಯನ್ನು ನೇರ ಚುಚ್ಚಬೇಡ. ಕರೆಂಟ್ ತೆಗೆದು ಎರಡು ಜಂಪರ್ ವೈರ್ ಸಿಕ್ಕಿಸು, ಅವುಗಳ ಆಚೆ ತುದಿಯನ್ನು ದೂರ ದೂರ ಇಡು, ಆಮೇಲೆ ಆನ್ ಮಾಡಿ ಅಲ್ಲಿ ಅಳೆ.

ಕೇಬಲ್ ಸರಿ ಮಾಡಿದ ಮೇಲೆ ಎರಡನೇ ಗೋಡೆ ಅಡ್ಡ ಬರುತ್ತದೆ. ಅದು ಬಿಸಿ. ಪೈ 4ರ ಚಿಪ್ಪು 80 ಡಿಗ್ರಿ ಮುಟ್ಟಿದರೆ ಮೆಲ್ಲಗೆ ವೇಗ ಇಳಿಸಲು ಶುರು ಮಾಡುತ್ತದೆ. 85ಕ್ಕೆ ಇನ್ನೂ ಬಿಗಿ ಮಾಡುತ್ತದೆ. ಹೀಟ್‌ಸಿಂಕ್ ಚಿಪ್ಪನ್ನು ನಿನ್ನ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಗಾಳಿಗಿಂತ ಎಷ್ಟು ಡಿಗ್ರಿ ಮೇಲಿರಬೇಕು ಅನ್ನುವುದನ್ನು ಮಾತ್ರ ಅದು ತೀರ್ಮಾನ ಮಾಡುತ್ತದೆ. ನೀನು ನೋಡಿದ ವಿಡಿಯೊ ಮಾಡಿದವನ ಕೋಣೆ 20 ಡಿಗ್ರಿ ಇದ್ದಿರಬಹುದು. ಅವನಿಗೆ 80ರ ತನಕ ಏರಲು 60 ಡಿಗ್ರಿ ಜಾಗ ಇತ್ತು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ, ಶೀಟಿನ ಮನೆ, ಕೋಣೆಯಲ್ಲೇ 41 ಡಿಗ್ರಿ. ನಿನಗೆ ಉಳಿದದ್ದು 39. ಅವನ ಸೆಟ್ಟಿಂಗ್ ಅವನ ಊರಿಗೆ ಸರಿ. ಅದನ್ನು ಹಾಗೇ ಎತ್ತಿಕೊಂಡು ಬಂದರೆ ಇಲ್ಲಿ ನಡೆಯಲ್ಲ.

ಓವರ್ ವೋಲ್ಟೇಜ್ 6 ಅಂದರೆ ಏನು ಗೊತ್ತಾ? ಒಂದು ಮೆಟ್ಟಿಲಿಗೆ 0.025 ವೋಲ್ಟ್. ಆರು ಮೆಟ್ಟಿಲಿಗೆ 0.15. ಕೇಳಲು ಸಣ್ಣದು. ಆದರೆ ಚಿಪ್ಪಿನ ಬಿಸಿ ವೇಗದ ಜೊತೆ ನೇರ ಏರಿದರೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ನನ್ನ ಬೋರ್ಡಿನಲ್ಲಿ ಮಾಮೂಲಿ ವೋಲ್ಟೇಜ್ 0.86. ಅದಕ್ಕೆ 0.15 ಸೇರಿಸಿದರೆ 1.01. ವೋಲ್ಟೇಜಿನಿಂದಲೇ ಸುಮಾರು 1.38 ಪಟ್ಟು. 1500ರಿಂದ 2000ಕ್ಕೆ ಹೋದದ್ದಕ್ಕೆ ಇನ್ನೊಂದು 1.33 ಪಟ್ಟು. ಎರಡನ್ನೂ ಗುಣಿಸು: 1.8ಕ್ಕಿಂತ ಜಾಸ್ತಿ. ವೇಗ ಮೂರನೇ ಒಂದು ಪಾಲು ಜಾಸ್ತಿ ಸಿಕ್ಕಿತು, ಬಿಸಿ ಹತ್ತಿರ ಹತ್ತಿರ ಎರಡರಷ್ಟಾಯ್ತು.

ಅದಕ್ಕೇ ನನ್ನ ದಾರಿ ಬೇರೆ. ಮೊದಲು ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನಲ್ಲಿ ನೀನು ಬರೆದ ಎರಡೂ ಸಾಲು ಅಳಿಸು. ಪೈ ಓಡಿಸುವ ಸಾಫ್ಟ್‌ವೇರಿನಲ್ಲಿ, ಬುಕ್‌ವರ್ಮ್ ಅನ್ನುವ ಆವೃತ್ತಿಯಿಂದ ಈಚೆಗೆ, ಆ ಫೈಲು 'ಬೂಟ್' ಒಳಗಿನ 'ಫರ್ಮ್‌ವೇರ್' ಫೋಲ್ಡರಿನಲ್ಲಿದೆ. ಹಳೆಯದರಲ್ಲಿ ನೇರ 'ಬೂಟ್' ಒಳಗೇ ಇರುತ್ತಿತ್ತು. ಎಷ್ಟೋ ಜನ ಹಳೇ ವಿಡಿಯೊ ನೋಡಿ ತಪ್ಪು ಜಾಗದಲ್ಲಿ ಬರೆದು 'ಏನೂ ಆಗಲೇ ಇಲ್ಲ' ಅನ್ನುತ್ತಾರೆ. ಆಮೇಲೆ 'ಆರ್ಮ್ ಬೂಸ್ಟ್' ಅನ್ನುವ ಸಾಲು 1 ಇದೆಯಾ ನೋಡು. ಪೈ 4 ಬಂದಾಗ ವೇಗ 1500 ಮೆಗಾಹರ್ಟ್ಸ್. 2021ರ ಕೊನೆಯಲ್ಲಿ ಬಂದ ಬುಲ್ಸ್‌ಐ ಸಿಸ್ಟಮ್ಮಿನಿಂದ, ಈಚಿನ ಬೋರ್ಡುಗಳಿಗೆ ತಯಾರಕರೇ 1800 ಕೊಟ್ಟಿದ್ದಾರೆ. ನಿನ್ನದು ಅಂಥ ಬೋರ್ಡಾದರೆ ಅರ್ಧ ಓವರ್‌ಕ್ಲಾಕು ಬಿಟ್ಟಿ ಸಿಕ್ಕಿದ ಹಾಗೆ.

ಇನ್ನೂ ಬೇಕು ಅಂದರೆ 100, 100 ಏರಿಸುತ್ತಾ ಹೋಗು. ಮೊದಲು ವೋಲ್ಟೇಜ್ ಮುಟ್ಟಬೇಡ. ಪ್ರತಿ ಸಲ ಪ್ರೊಸೆಸರಿನ ನಾಲ್ಕೂ ಕೋರನ್ನು ಪೂರ್ತಿ ದುಡಿಸುವ ಸ್ಟ್ರೆಸ್ ಟೆಸ್ಟ್ ಹಾಕಿ ಅರ್ಧ ಗಂಟೆ ಬಿಡು, ಅದೂ ಮಧ್ಯಾಹ್ನ ಎರಡು ಗಂಟೆಗೆ. ಬೆಳಗಿನ ಜಾವ ಪಾಸಾದದ್ದು ಪಾಸಲ್ಲ. ಹ್ಯಾಂಗ್ ಆಯ್ತು ಅಥವಾ ರೀಸ್ಟಾರ್ಟ್ ಆಯ್ತು ಅಂದರೆ ಎರಡು ಮೆಟ್ಟಿಲು ವೋಲ್ಟೇಜ್ ಕೊಟ್ಟು ಮತ್ತೆ ನೋಡು. ಕೊನೆಗೆ ಎಲ್ಲಿ ನಿಂತಿತೋ ಅಲ್ಲಿಂದ 100 ಕೆಳಗೆ ಇಳಿದು ಅಲ್ಲೇ ಇರು. ಥ್ರಾಟಲ್ ಕಮಾಂಡ್ 0ಎಕ್ಸ್0 ತೋರಿಸಬೇಕು. ಬೇರೆ ಏನು ತೋರಿಸಿದರೂ ಆ ವೇಗ ಬರೀ ಕಾಗದದ ಮೇಲಿನ ವೇಗ. ಬೂಟ್ ಆಗದೇ ಹೋದರೂ ಗಾಬರಿ ಬೇಡ. ಕಾರ್ಡ್ ತೆಗೆದು ಯಾವುದಾದರೂ ಕಂಪ್ಯೂಟರಿಗೆ ಹಾಕು, ಕಾನ್ಫಿಗ್ ಫೈಲು ವಿಂಡೋಸಿನಲ್ಲೂ ತೆರೆಯುತ್ತದೆ. ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ ಮುಗೀತು.

ಹುಬ್ಬಳ್ಳಿಯಲ್ಲಿ, 34 ಡಿಗ್ರಿ ಕೋಣೆಯಲ್ಲಿ, ಬೋರ್ಡನ್ನೇ ಅಪ್ಪಿ ಹಿಡಿಯುವ ಅಲ್ಯೂಮಿನಿಯಂ ಕೇಸು ಮತ್ತು ಎರಡು ಸಣ್ಣ ಫ್ಯಾನ್ ಹಾಕಿ ನನ್ನದು 2000ದಲ್ಲಿ 62 ಡಿಗ್ರಿಗೆ ನಿಂತಿತು. ಅದೇ ಬೋರ್ಡು, ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಹಾಕಿದ್ದು: ಚಹಾ ಕುಡಿದು ಬರುವಷ್ಟರಲ್ಲಿ 80 ದಾಟಿತ್ತು. ನಿನ್ನದು ಯಾವ ಡಬ್ಬಿ ಅಂತ ನೀನು ಬರೆದಿಲ್ಲ.

ಪ್ರಶ್ನೆ: ಅಣ್ಣಾ, ನನ್ನ ಮಗ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಬಹುಮಾನವಾಗಿ ಬಂದ ಪೈ ಬೋರ್ಡಿಗೆ ಓವರ್‌ಕ್ಲಾಕ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ರಾತ್ರಿ ಹಾಸಿಗೆ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಾನೆ. ಬೆಂಕಿ ಹತ್ತಿಕೊಂಡರೆ? ವಾರಂಟಿ ಹೋಗಲ್ವಾ? (ಮೈಸೂರು)

ಉತ್ತರ: ಬೋರ್ಡಿನಿಂದ ಬೆಂಕಿಯ ಭಯ ಇಟ್ಟುಕೊಳ್ಳಬೇಡಿ ತಂಗೀ. ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ ಬಿಸಿ ಏರಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆರಳು ಸುಡಬಹುದು, 70 ಡಿಗ್ರಿಯ ಹೀಟ್‌ಸಿಂಕ್ ಮುಟ್ಟಿದರೆ ಕಾವಲಿ ಮುಟ್ಟಿದ ಹಾಗೇ. ನನಗೆ ಭಯ ಇರುವುದು ಹೆಸರಿಲ್ಲದ ಅಗ್ಗದ ಅಡಾಪ್ಟರ್ ಬಗ್ಗೆ. ಮೇಲೆ ಬಿಐಎಸ್ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಓವರ್‌ಕ್ಲಾಕ್ ಮಾಡಲಿ ಬಿಡಲಿ, ಅದನ್ನು ಮನೆಯಿಂದ ಆಚೆ ಹಾಕಿ. ಹಾಸಿಗೆ, ದಿಂಬಿನ ಮೇಲೆ ಬೋರ್ಡು ಇಡುವುದಂತೂ ಬೇಡವೇ ಬೇಡ. ಹತ್ತಿ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಟೈಲ್ಸ್ ತುಂಡು ಕೊಡಿ, ಅದರ ಮೇಲೆ ಇಡಲಿ.

ವಾರಂಟಿ ವಿಷಯ. 2012ರ ಸೆಪ್ಟೆಂಬರಿನಲ್ಲೇ ಪೈ ತಯಾರಕರು 'ಇಷ್ಟರ ತನಕ ಏರಿಸಿಕೊಳ್ಳಿ, ವಾರಂಟಿ ಹೋಗಲ್ಲ' ಅಂತ ತಮ್ಮದೇ ಮೆನುವಿನಲ್ಲಿ ಓವರ್‌ಕ್ಲಾಕ್ ಕೊಟ್ಟಿದ್ದರು. ಆದರೆ ಒಂದು ಕೆಲಸ ಮಾಡಿದರೆ ಚಿಪ್ಪಿನೊಳಗೆ ಅಳಿಸಲಾಗದ ಗುರುತು ಬೀಳುತ್ತದೆ. 'ಫೋರ್ಸ್ ಟರ್ಬೊ' ಅನ್ನುವುದನ್ನು 1 ಮಾಡಿ, ಜೊತೆಗೆ ಓವರ್ ವೋಲ್ಟೇಜನ್ನು ಸೊನ್ನೆಗಿಂತ ಮೇಲೆ ಇಟ್ಟರೆ. ಹಚ್ಚೆ ಹಾಕಿಸಿದ ಹಾಗೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗಲ್ಲ. ಅದರಿಂದ ಲಾಭವೂ ಇಲ್ಲ. ಫೋರ್ಸ್ ಟರ್ಬೊ ಅಂದರೆ ಕೆಲಸ ಇಲ್ಲದಾಗಲೂ ಪೂರ್ತಿ ವೇಗದಲ್ಲಿ ಓಡು ಅಂತ. ಸಿಗ್ನಲ್ಲಿನಲ್ಲಿ ನಿಂತು ಆಕ್ಸಿಲರೇಟರ್ ತಿರುವುವುದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಇದೊಂದನ್ನು ಮುಟ್ಟಬಾರದು ಅಂತ ಮಗನಿಗೆ ಹೇಳಿ, ಉಳಿದದ್ದು ಮಾಡಲು ಬಿಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ವೇಗ ಎಷ್ಟು, ಬಿಸಿ ಎಷ್ಟು, ಕೋಣೆ ಎಷ್ಟು ಡಿಗ್ರಿ ಅಂತ ಬರೆಯುವುದು ನಿಮ್ಮ ಶರತ್ತು. ಬರೆಯಲು ಬೇಜಾರಾಗಿ ತಾನೇ ಬಿಟ್ಟರೂ ಬಿಟ್ಟಾನು.

ಪ್ರಶ್ನೆ: ತೋಟದ ಪಂಪ್‌ಹೌಸಿನಲ್ಲಿ ಪೈ 3 ಬಿ ಪ್ಲಸ್ ಇಟ್ಟು ಕ್ಯಾಮೆರಾ ನೋಡುತ್ತೇನೆ, ನೀರಿನ ಟ್ಯಾಂಕಿನ ಮಟ್ಟವನ್ನೂ ನೋಡುತ್ತೇನೆ. ನಿಧಾನ ಅಂತ ಸಂಬಂಧಿಕರ ಹುಡುಗ ಓವರ್‌ಕ್ಲಾಕ್ ಮಾಡಿಕೊಟ್ಟ. ಅಲ್ಲಿಂದ ಈಚೆಗೆ ಎರಡು ಮೆಮೊರಿ ಕಾರ್ಡ್ ಹಾಳಾಯ್ತು. ಕಾರ್ಡ್ ಕಂಪನಿ ಬದಲಿಸಬೇಕೋ? ಮನೆಯಿಂದ ಪಂಪ್‌ಹೌಸಿಗೆ ಸುಮಾರು 60 ಅಡಿ ವೈರ್ ಎಳೆದು 5 ವೋಲ್ಟ್ ಕೊಟ್ಟಿದ್ದೇನೆ. (ಶಿರಸಿ)

ಉತ್ತರ: ಕೊನೆಯ ಸಾಲನ್ನು ನೀವು ಸುಮ್ನೆ ಸೇರಿಸಿದ್ದೀರಿ ಅನ್ನಿಸುತ್ತದೆ. ನನಗೆ ಉತ್ತರ ಸಿಕ್ಕಿದ್ದು ಅಲ್ಲೇ. 60 ಅಡಿ ದೂರಕ್ಕೆ 5 ವೋಲ್ಟ್ ಕಳಿಸುವುದು ಅಂದರೆ ತೂತಿನ ಕೊಡದಲ್ಲಿ ನೀರು ಹೊತ್ತ ಹಾಗೆ. ರಾಯಚೂರಿನ ಹುಡುಗನಿಗೆ ಒಂದು ಮೀಟರಿನಲ್ಲೇ ಅರ್ಧ ವೋಲ್ಟ್ ಹೋಯ್ತು. ನಿಮ್ಮದು 18 ಮೀಟರ್, ವೈರು ಎಷ್ಟೇ ದಪ್ಪ ಇದ್ದರೂ ದಾರಿಯಲ್ಲಿ ವೋಲ್ಟೇಜ್ ಸೋರುತ್ತದೆ. ಬೋರ್ಡು ಇಷ್ಟು ದಿನ ಎದ್ದು ಕೂತದ್ದೇ ದೊಡ್ಡದು. ಮನೆಯಿಂದ 12 ವೋಲ್ಟ್ ಕಳಿಸಿ. ಬೋರ್ಡಿನ ಪಕ್ಕದಲ್ಲಿ ವೋಲ್ಟೇಜ್ ಇಳಿಸಿಕೊಡುವ ಒಳ್ಳೇ ಬಕ್ ಕನ್ವರ್ಟರ್ ಇಟ್ಟು ಅಲ್ಲಿ 5.1 ಮಾಡಿಕೊಳ್ಳಿ. ದಾರಿಯಲ್ಲಿ ಒಂದೆರಡು ವೋಲ್ಟ್ ಹೋದರೂ ಕನ್ವರ್ಟರ್ ನೋಡಿಕೊಳ್ಳುತ್ತದೆ. ಬೋರ್ಡಿಗೆ ಹಚ್ಚುವ ಮೊದಲು ಮೀಟರಿನಲ್ಲಿ 5.1ಕ್ಕೆ ತಿರುಗಿಸಿಕೊಳ್ಳುವುದು ಮರೆಯಬೇಡಿ. ಅಂಗಡಿಯಿಂದ ಬಂದಾಗ ಅದು ಎಷ್ಟಕ್ಕಿರುತ್ತದೋ ಯಾರಿಗೂ ಗೊತ್ತಿರಲ್ಲ.

ಎರಡನೇದು, ಓವರ್‌ಕ್ಲಾಕ್ ಇವತ್ತೇ ತೆಗೆಸಿ. ಕಣ್ಣೆದುರು ಇಲ್ಲದ ಬೋರ್ಡಿಗೆ, ಅದರಲ್ಲೂ ಮಳೆಯಲ್ಲಿ ಕೊಡೆ ಹಿಡಿದು ನಡೆದು ಹೋಗಿ ಆಫ್-ಆನ್ ಮಾಡಬೇಕಾದ ಬೋರ್ಡಿಗೆ, ಓವರ್‌ಕ್ಲಾಕ್ ಮಾಡಲೇಬಾರದು ಅನ್ನುವವನು ನಾನು. ಕಾರ್ಡಿಗೆ ಬರೆಯುತ್ತಿರುವಾಗ ವೋಲ್ಟೇಜ್ ಬಿದ್ದರೆ ಕಾರ್ಡಿನ ಕಥೆ ಕೆಡುತ್ತದೆ. ಓವರ್‌ಕ್ಲಾಕ್ ಜಾಸ್ತಿ ಕರೆಂಟ್ ಎಳೆಯಿತು, ಉದ್ದದ ವೈರು ಕೊಡಲಿಲ್ಲ, ಪೆಟ್ಟು ಬಿದ್ದದ್ದು ಕಾರ್ಡಿಗೆ. ಕಂಪನಿ ಬದಲಿಸಿ ಉಪಯೋಗ ಇಲ್ಲ.

ನಿಮ್ಮ ಬೋರ್ಡಿನ ಒಂದು ಗುಟ್ಟು ಹೇಳುತ್ತೇನೆ. 3 ಬಿ ಪ್ಲಸ್ ವೇಗ 1400 ಮೆಗಾಹರ್ಟ್ಸ್. ಆದರೆ 60 ಡಿಗ್ರಿ ಮುಟ್ಟಿದ ಕೂಡಲೇ ಅದು 1200ಕ್ಕೆ ಇಳಿಯುತ್ತದೆ, ತಯಾರಿಸಿದವರೇ ಹಾಗೆ ಇಟ್ಟಿದ್ದಾರೆ. ಉಳಿದ ಬಹುತೇಕ ಪೈಗಳ ಹಾಗೆ 80ರ ತನಕ ಕಾಯುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ, ಪಂಪಿನ ಪಕ್ಕದಲ್ಲಿ, ನಿಮ್ಮದು ದಿನದ ಬಹುಪಾಲು 1200ರಲ್ಲೇ ಓಡಿರುತ್ತದೆ. ಹಾಗಾಗಿ ನಾನು ಹೇಳುವುದು ಉಲ್ಟಾ. ವೇಗವನ್ನು 1000ಕ್ಕೆ ಇಳಿಸಿ. ನೀರಿನ ಮಟ್ಟ ನೋಡಲು ಅಷ್ಟು ಧಾರಾಳ ಸಾಕು. ಕ್ಯಾಮೆರಾದ ವಿಡಿಯೊ ಕುಗ್ಗಿಸಲು ಆ ಚಿಪ್ಪಿನಲ್ಲೇ ಬೇರೆ ಭಾಗ ಇದೆ, ಅದಕ್ಕೆ ಪ್ರೊಸೆಸರ್ ವೇಗದ ಹಂಗಿಲ್ಲ. ಬಿಸಿ ಕಮ್ಮಿ, ಕರೆಂಟು ಕಮ್ಮಿ. ನಿಮಗೆ ನಿಧಾನ ಅನ್ನಿಸಿದ್ದು ಬಹುಶಃ ವೈಫೈ. ಹುಡುಗ ಬಂದಾಗ ಅದನ್ನು ನೋಡಲು ಹೇಳಿ.

ಸೆಟ್ಟಿಂಗ್ ಮೆನುವಿನಲ್ಲಿ 'ಓವರ್‌ಲೇ ಫೈಲ್ ಸಿಸ್ಟಮ್' ಅಂತ ಒಂದು ಇದೆ. ಅದನ್ನು ಆನ್ ಮಾಡಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ, ಎಲ್ಲ ರ‍್ಯಾಮಿನಲ್ಲೇ. ಕರೆಂಟ್ ಹೋದರೂ ಕಾರ್ಡಿಗೆ ಏನಾಗಲ್ಲ. ಆದರೆ ದಾಖಲೆ ಉಳಿಸಬೇಕಿದ್ದರೆ ಬೇರೆ ಕಡೆ ಕಳಿಸಬೇಕು. ಹಾಗೇ ವಾಚ್‌ಡಾಗ್ ಆನ್ ಮಾಡಿಸಿ, ಬೋರ್ಡು ಹ್ಯಾಂಗ್ ಆದರೆ ಅದೇ ರೀಸ್ಟಾರ್ಟ್ ಮಾಡುತ್ತದೆ. ಮತ್ತೆ ಇರುವೆ! ಮಲೆನಾಡಿನಿಂದ ನನ್ನ ಅಂಗಡಿಗೆ ಬಂದ ಟೀವಿಗಳಲ್ಲಿ ನಾನು ಕಂಡಷ್ಟು ಇರುವೆ ಗೂಡು ನಿಮ್ಮ ತೋಟದಲ್ಲೂ ಇರಲಿಕ್ಕಿಲ್ಲ. ಬೆಚ್ಚಗಿನ ಜಾಗ ಅಂದರೆ ಅವಕ್ಕೆ ಪ್ರೀತಿ. ಡಬ್ಬಿಗೆ ವೈರ್ ಹೋಗುವ ತೂತು ಮುಚ್ಚಿದ್ದೀರಾ?

ಪ್ರಶ್ನೆ: ಸರ್, ಪೈ 5 ಇದೆ. ಕಂಪನಿಯ ಆಕ್ಟಿವ್ ಕೂಲರ್, 27 ವ್ಯಾಟ್ ಅಡಾಪ್ಟರ್ ಎರಡೂ ಇದೆ. 3.0 ಗಿಗಾಹರ್ಟ್ಸ್‌ನಲ್ಲಿ ಬೆಂಚ್‌ಮಾರ್ಕ್, ಗೇಮ್ ಎಲ್ಲ ಸಲೀಸು. ಬಿಸಿ 70 ದಾಟಲ್ಲ. ಆದರೆ ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವಾಗ ಒಮ್ಮೊಮ್ಮೆ ಅರ್ಧಕ್ಕೆ ಎರರ್ ಬರುತ್ತದೆ. ಮತ್ತೆ ಕೊಟ್ಟರೆ ಸರಿಯಾಗುತ್ತದೆ, ಇಲ್ಲಾ ಬೇರೆ ಕಡೆ ಎರರ್. ಕಂಪೈಲರ್ ಬಗ್ ಇರಬಹುದಾ? (ಬೆಂಗಳೂರು)

ಉತ್ತರ: ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಕಂಪೈಲರಿಗೆ ಬೈಯಬೇಡಿ. ಅದೇ ಫೈಲು, ಅದೇ ಕಮಾಂಡು, ಒಮ್ಮೆ ಎರರ್, ಒಮ್ಮೆ ಸರಿ ಅಂದರೆ ಚಿಪ್ಪು ಸುಳ್ಳು ಲೆಕ್ಕ ಹಾಕುತ್ತಿದೆ ಅಂತ ಅರ್ಥ. ನಿಮ್ಮ ಅಡಾಪ್ಟರ್ ಸರಿ, ಬಿಸಿ ಸರಿ. ನಿಮ್ಮ ಚಿಪ್ಪಿಗೆ ಆ ವೋಲ್ಟೇಜಿನಲ್ಲಿ 3.0 ಆಗುತ್ತಿಲ್ಲ. ಪಕ್ಕದ ಮನೆಯವರ ಬೋರ್ಡಿಗೆ ಆಗಬಹುದು. ಧಾರವಾಡದ ಆಪೂಸ್ ಒಂದೇ ಗಿಡದ್ದಾದರೂ ಎಲ್ಲ ಹಣ್ಣೂ ಒಂದೇ ಥರ ಇರುತ್ತಾ?

ಇದು ನನಗೆ ಬುದ್ಧಿ ಬಂದ ವಿಷಯ. 1999ರಲ್ಲಿ ನಾನು ಅಂಗಡಿಯ ಮೂಲೆಯಲ್ಲಿ ಡಿಟಿಪಿ ಕೆಲಸವನ್ನೂ ಮಾಡುತ್ತಿದ್ದೆ. ಆಗ ಸೆಲೆರಾನ್ 300ಎ ಅಂತ ಒಂದು ಪ್ರೊಸೆಸರ್ ಹೆಸರು ಮಾಡಿತ್ತು. ಬಸ್ ವೇಗವನ್ನು, ಅಂದರೆ ಪ್ರೊಸೆಸರ್ ಮತ್ತು ಮೆಮೊರಿ ನಡುವಿನ ದಾರಿಯ ವೇಗವನ್ನು, 66ರಿಂದ 100ಕ್ಕೆ ತಿರುಗಿಸಿದರೆ 300 ಮೆಗಾಹರ್ಟ್ಸ್ ಇದ್ದದ್ದು 450. ನಾನೂ ತಿರುಗಿಸಿದೆ. ಒಂದು ತಿಂಗಳು ರಾಜನ ಹಾಗೆ ಓಡಿತು. ಮೇ ತಿಂಗಳು, ಮದುವೆ ಸೀಸನ್. ರಾತ್ರಿ ಹನ್ನೊಂದರ ತನಕ ಕೂತು ಒಂದು ಲಗ್ನಪತ್ರಿಕೆ ಜೋಡಿಸಿ, ಸೇವ್ ಮಾಡಿ, ಮನೆಗೆ ಹೋದೆ. ಬೆಳಿಗ್ಗೆ ಫೈಲ್ ತೆರೆಯಲೇ ಇಲ್ಲ. ಹುಡುಗಿಯ ಸೋದರಮಾವ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಪ್ರೆಸ್ಸಿಗೆ ಕೊಡಬೇಕಾದ ಮುಂಗಡ ಹಣ. ಹೊಗೆ ಬಂದಿರಲಿಲ್ಲ, ವಾಸನೆ ಬಂದಿರಲಿಲ್ಲ, ಮಷೀನು ಒಮ್ಮೆಯೂ ಹ್ಯಾಂಗ್ ಆಗಿರಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ ತಪ್ಪು ನನ್ನದೇ. ಮೆಮೊರಿ ಕಡ್ಡಿ 66ರದ್ದು. ಪ್ರೊಸೆಸರಿಗೆ 100 ತಡೆಯುವ ಶಕ್ತಿ ಇತ್ತು, ಪಾಪ ಮೆಮೊರಿಗೆ ಇರಲಿಲ್ಲ. ಅದು ದಿನಾ ಅಲ್ಲೊಂದು ಇಲ್ಲೊಂದು ಬಿಟ್ ತಪ್ಪುತ್ತಾ ಬಂದಿತ್ತು. ಗೇಮಿನಲ್ಲಿ ತಪ್ಪಿದರೆ ಒಂದು ಚುಕ್ಕೆ ಬಣ್ಣ ಬದಲಾಗುತ್ತದೆ, ಯಾರು ನೋಡುತ್ತಾರೆ? ಲಗ್ನಪತ್ರಿಕೆಯಲ್ಲಿ ತಪ್ಪಿದ ದಿನ ಗೊತ್ತಾಯ್ತು.

ನಿಮ್ಮ ಗೇಮ್ ಸಲೀಸಾಗಿ ಓಡಿದ್ದೂ ಹಾಗೇ ಇರಬಹುದು. ಕಂಪೈಲರ್ ಬಿಗಿ ಲೆಕ್ಕದ ಗುಮಾಸ್ತ, ಒಂದು ಬಿಟ್ ತಪ್ಪಿದರೂ ಕಡತ ಎಸೆಯುತ್ತಾನೆ. ಅವನೇ ನಿಮ್ಮ ನಿಜವಾದ ಟೆಸ್ಟು. 2.8ಕ್ಕೆ ಇಳಿಸಿ. ನೀವು ಕಳೆದುಕೊಳ್ಳುವುದು ಎಷ್ಟು? ಮಾಮೂಲಿ 2.4ರಲ್ಲಿ 30 ನಿಮಿಷದ ಕೆಲಸ 2.8ರಲ್ಲಿ ಹೆಚ್ಚೂಕಡಿಮೆ 26 ನಿಮಿಷ, 3.0ರಲ್ಲಿ 24. ಆ ಎರಡು ನಿಮಿಷಕ್ಕೆ ನೀವು ಎಷ್ಟು ಸಂಜೆ ಕಳೆದಿದ್ದೀರಿ? 3.0ನ್ನೇ ಬಿಡಲ್ಲ ಅಂದರೆ ವೋಲ್ಟೇಜ್ ಸ್ವಲ್ಪ ಏರಿಸಿ ನೋಡಬಹುದು. ಪೈ 5ರಲ್ಲಿ 'ಓವರ್ ವೋಲ್ಟೇಜ್ ಡೆಲ್ಟಾ' ಬಳಸಬೇಕು. ಅದರ ಲೆಕ್ಕ ಮೈಕ್ರೊವೋಲ್ಟಿನಲ್ಲಿ, 50000 ಅಂದರೆ 0.05 ವೋಲ್ಟ್. ಒಂದು ಸೊನ್ನೆ ಜಾಸ್ತಿ ಬೀಳದ ಹಾಗೆ ನೋಡಿಕೊಳ್ಳಿ. ಎನ್‌ವಿಎಂಇ ಅನ್ನುವ ವೇಗದ ಡಿಸ್ಕ್ ಹಾಕಿ ಅದರ ಸಂಪರ್ಕದ ವೇಗವನ್ನು ಜೆನ್ 3ಕ್ಕೆ ಇಟ್ಟಿದ್ದರೆ ಅದನ್ನೂ ಒಮ್ಮೆ ತೆಗೆದು ನೋಡಿ. ಪೈ 5ಕ್ಕೆ ಮಾನ್ಯತೆ ಇರುವುದು ಜೆನ್ 2ಕ್ಕೆ ಮಾತ್ರ, ಜೆನ್ 3 ಕೂಡ ಒಂಥರಾ ಓವರ್‌ಕ್ಲಾಕೇ. ಎರಡನ್ನೂ ಒಟ್ಟಿಗೆ ಏರಿಸಿ ಕೂತರೆ ಯಾವುದರ ತಪ್ಪು ಅಂತ ಹೇಗೆ ಹುಡುಕುತ್ತೀರಿ? ಮತ್ತೆ, 3.0ರಲ್ಲಿದ್ದಾಗ ಬರೆದ ಮುಖ್ಯ ಫೈಲುಗಳಿದ್ದರೆ ಒಮ್ಮೆ ತೆರೆದು ನೋಡಿಬಿಡಿ.

ಪ್ರಶ್ನೆ: ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ನಮ್ಮೂರಲ್ಲಿ ಸಿಗಲ್ಲ. ಟೂತ್‌ಪೇಸ್ಟ್ ಹಾಕಬಹುದು ಅಂತ ಗೆಳೆಯ ಹೇಳಿದ. (ಕೊಪ್ಪಳ)

ಉತ್ತರ: ಮೊದಲ ದಿನ ಸರಿಯಾಗೇ ಇರುತ್ತದೆ, ಅದೇ ತೊಂದರೆ. ಆಮೇಲೆ ನೀರಿನಂಶ ಆರಿ ಸುಣ್ಣದ ಹಾಗೆ ಗಟ್ಟಿಯಾಗುತ್ತದೆ, ಬಿಸಿ ಹೊರಗೆ ಹೋಗಲ್ಲ. ಹೊಸಪೇಟೆಗೋ ಹುಬ್ಬಳ್ಳಿಗೋ ಬರುವವರ ಹತ್ತಿರ ಒಂದು ಸಿರಿಂಜ್ ತರಿಸಿ. ಅಕ್ಕಿ ಕಾಳಿನಷ್ಟು ಹಾಕಿದರೆ ಸಾಕು, ದೋಸೆಗೆ ಚಟ್ನಿ ಸವರಿದ ಹಾಗೆ ಬೇಡ. ಹಲ್ಲು ಹಲ್ಲಿನ ಕೆಲಸಕ್ಕಿರಲಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. 2012ರಲ್ಲಿ ಮಗ ಕೊಡಿಸಿದ ಮೊದಲ ಪೈ ಬೋರ್ಡು ಬೀರುವಿನಲ್ಲಿ ಸಿಕ್ಕಿತು. 256 ಎಂಬಿ ಮೆಮೊರಿ, ದೊಡ್ಡ ಎಸ್‌ಡಿ ಕಾರ್ಡು. ಪಿನ್‌ಗಳ ಮೇಲೆ ಹಸಿರು ಕಟ್ಟಿದೆ. ಓವರ್‌ಕ್ಲಾಕ್ ಮಾಡಿದರೆ ಏನಾದರೂ ಕೆಲಸಕ್ಕೆ ಬಂದೀತೇ? (ಉಡುಪಿ)

ಉತ್ತರ: ಮೇಷ್ಟ್ರೇ, ಈ ಸಲದ ಪತ್ರಗಳಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ್ದು ನಿಮ್ಮದೇ. ನನ್ನ ಮೊದಲ ಬೋರ್ಡನ್ನು ಯಾರಿಗೋ ಕೊಟ್ಟು ಕಳೆದುಕೊಂಡೆ.

ನಿಮ್ಮ ಬೋರ್ಡಿನ ವೇಗ 700 ಮೆಗಾಹರ್ಟ್ಸ್. ಅದಕ್ಕೆ ಯಾರ ವಿಡಿಯೊ ಕೂಡ ನೋಡಬೇಕಾಗಿಲ್ಲ, ಮೆನುವಿನಲ್ಲೇ 800, 900, 950, 1000 ಅಂತ ಆಯ್ಕೆ ಇದೆ. 1000ಕ್ಕೆ ಆಸೆ ಪಡಬೇಡಿ. ಆ ಆಯ್ಕೆಯಲ್ಲಿ ಪ್ರೊಸೆಸರ್ ಮಾತ್ರ ಅಲ್ಲ, ಚಿಪ್ಪಿನ ಒಳಗಿನ ಕೋರ್ ವೇಗವೂ 250ರಿಂದ ಒಮ್ಮೆಲೇ 500ಕ್ಕೆ ಜಿಗಿಯುತ್ತದೆ. ಅದು ಬಂದ ಹೊಸತರಲ್ಲೇ ಕಾರ್ಡು ಹಾಳಾಯ್ತು ಅಂತ ಸಾಕಷ್ಟು ಜನ ಗೋಳಾಡಿದ್ದರು. 950ರಲ್ಲಿ ಕೋರ್ ವೇಗ 250ರಲ್ಲೇ ಇರುತ್ತದೆ. ಅದೇ ನಿಮಗೆ ಸರಿ. ಇಂಟರ್ನೆಟ್ ನೋಡಲು ಆಗಲ್ಲ, 256 ಎಂಬಿಗೆ ಈಗಿನ ಒಂದು ವೆಬ್‌ಪೇಜೂ ಹಿಡಿಯಲ್ಲ. ಆದರೆ ಹಾಡು ಕೇಳಲು, ಮೊಮ್ಮಕ್ಕಳಿಗೆ ಪೈಥಾನಿನಲ್ಲಿ ಮಗ್ಗಿ ಬರೆಯಿಸಲು, ದೀಪ ಮಿಣುಕಿಸಲು ಬೇಕಾದಷ್ಟಾಯ್ತು.

ಅದಕ್ಕೂ ಮೊದಲು ಆ ಹಸಿರು. ಕಡಲ ಉಪ್ಪುಗಾಳಿ ತಾಮ್ರ ತಿಂದ ಗುರುತು ಅದು. ಹಾಗೇ ಆನ್ ಮಾಡಬೇಡಿ. ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಕೇಳಿ. ಸ್ವಲ್ಪ ಹಾಕಿ ಪಿನ್‌ಗಳ ಉದ್ದಕ್ಕೂ, ಕಾರ್ಡ್ ಕೂರುವ ಜಾಗಕ್ಕೂ ಮೆಲ್ಲಗೆ ತಿಕ್ಕಿ, ಒಂದು ದಿನ ನೆರಳಿನಲ್ಲಿ ಆರಲು ಬಿಡಿ. ತಿಕ್ಕಲು ಬೇರೆ ಏನೂ ಬೇಕಾಗಿಲ್ಲ, ಹಳೇ ಟೂತ್‌ಬ್ರಷ್ ಸಾಕು. ಕೊಪ್ಪಳದವರ ಗೆಳೆಯನಿಗೆ ಇದನ್ನೂ ಹೇಳಿ: ಪೇಸ್ಟ್ ಬೇಡ, ಬ್ರಷ್ಷು ಆದೀತು.